ಹುತ್ತದಿಂದ ಪೆಟ್ಟಿಗೆಗೆ ಬಂದ ತುಡುವೆ ಜೇನು

ಮಂಡ್ಯ ಜಿಲ್ಲೆಯ ಕೆರಗೋಡಿನ ತೆಂಗು, ಹೊಂಗೆ, ಹುಣಸೆ ಹೂಗಳಿಗೆ ಬರುವ ತುಡುವೆ ಜೇನು ಹುತ್ತದಲ್ಲೋ ಮರದ ಪೊಟರೆಯಲ್ಲೋ, ಕತ್ತಲಲ್ಲಿ, ಸಾಲುಸಾಲಾಗಿ ಎರಿ ಕಟ್ಟುತ್ತದೆ. ಅದನ್ನು ಪೆಟ್ಟಿಗೆಯಲ್ಲಿ ಸಾಕಲು ಆಗುವುದು ಈ ಗುಣದಿಂದಲೇ. ಬಯಲಲ್ಲಿ ಒಂದೇ ದೊಡ್ಡ ಎರಿ ಕಟ್ಟುವ ಹೆಜ್ಜೇನು ಪೆಟ್ಟಿಗೆಗೆ ಒಗ್ಗದು. 1910ರ ದಶಕದಲ್ಲಿ ತಿರುಚಿರಾಪಳ್ಳಿಯ ಪಾದ್ರಿ ನ್ಯೂಟನ್ ಅವರು ತುಡುವೆಯ ಪುಟ್ಟ ಮೈಗೆ ತಕ್ಕಂತೆ ರೂಪಿಸಿದ ಪೆಟ್ಟಿಗೆ ದಕ್ಷಿಣ ಭಾರತದಲ್ಲೆಲ್ಲ ಹರಡಿತು.

1964ರಲ್ಲಿ ಆರಂಭವಾದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಜೇನು ಸಾಕಣೆಯನ್ನು ಪಾಠ, ತರಬೇತಿ, ಸಂಶೋಧನೆಗಳಿಗೆ ತಂದಿತು. ಈ ಸಾಕಣೆಗೆ ಕಠಿಣ ಪರೀಕ್ಷೆ ಎದುರಾದದ್ದು 1991–92ರಲ್ಲಿ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ತಗುಲಿ, ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಎರಿಯಲ್ಲೇ ಸತ್ತವು. ಮದ್ದಿರಲಿಲ್ಲ. ರಾಜ್ಯದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಅಳಿದವು. ಸಾಕಿದವರ ಮನೆಯಂಗಳದಲ್ಲಿ ಬರಿ ಪೆಟ್ಟಿಗೆಗಳು ಉಳಿದವು. ರೋಗ ತಾಳಿಕೊಂಡ ಕೆಲವೇ ಕುಟುಂಬಗಳಿಂದ ಸಂತತಿ ಮತ್ತೆ ಬೆಳೆಯಿತು.



ಕೆರಗೋಡು ಸೀಮೆಯ ಆಲೆಮನೆಗಳಿಗೂ ತುಡುವೆ ಸಿಹಿ ಹುಡುಕಿ ಬರುತ್ತದೆ. ಕಬ್ಬಿನ ಹಾಲು ತುಂಬಿದ ಪಾತ್ರೆಗೆ ಬಟ್ಟೆ ಮುಚ್ಚಿದರೆ ಅದು ಬಿದ್ದು ಸಾಯುವುದು ತಪ್ಪುತ್ತದೆ.