ನಿತ್ಯಪುಷ್ಪ

ನಿತ್ಯಪುಷ್ಪವು ಕಣಗಿಲೆಯ ಕುಟುಂಬವಾದ ಅಪೊಸೈನೇಸಿಗೆ ಸೇರಿದ, ವರ್ಷವಿಡೀ ಹೂ ಬಿಡುವ ಸಣ್ಣ ಗಿಡ. ಇದರ ವೈಜ್ಞಾನಿಕ ಹೆಸರು ಕ್ಯಾಥರಾಂಥಸ್ ರೋಸಿಯಸ್. ವಿನ್‌ಬ್ಲಾಸ್ಟೀನ್ ಮತ್ತು ವಿನ್‌ಕ್ರಿಸ್ಟೀನ್ ಎಂಬ ಎರಡು ಕ್ಯಾನ್ಸರ್ ಔಷಧಗಳು ಮೊದಲು ದೊರೆತದ್ದು ಈ ಗಿಡದಿಂದ. ಸದಾಪುಷ್ಪ, ಕಾಶಿ ಕಣಗಿಲೆ ಎಂಬ ಹೆಸರುಗಳೂ ಇದಕ್ಕಿವೆ. ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ ತಾಲ್ಲೂಕುಗಳಲ್ಲಿ ಕನ್ನಡದೊಡನೆ ಮರಾಠಿ, ಉರ್ದು ಭಾಷೆಗಳೂ ಬಳಕೆಯಲ್ಲಿರುವುದರಿಂದ ಸದಾಫುಲಿ, ಸದಾಬಹಾರ್ ಎಂಬ ಹೆಸರುಗಳೂ ಕೇಳಿಬರುತ್ತವೆ.

ಸ್ವರೂಪ

ಮಡಗಾಸ್ಕರ್ ದ್ವೀಪ ಇದರ ತವರು. ಗಿಡ ಸುಮಾರು ಒಂದು ಮೀಟರ್ ಎತ್ತರ ಬೆಳೆಯುತ್ತದೆ. ಹೂವಿಗೆ ಐದು ದಳ. ಬಣ್ಣ ಬಿಳಿ ಅಥವಾ ಗುಲಾಬಿ. ಬಿಸಿಲು ಮತ್ತು ನೀರಿನ ಕೊರತೆಯನ್ನು ತಾಳಿಕೊಳ್ಳುವುದರಿಂದ ಬೀದರ ಸೀಮೆಯ ಜಂಬಿಟ್ಟಿಗೆ ಮಣ್ಣಿನಲ್ಲಿಯೂ ಸುಲಭವಾಗಿ ಬದುಕುತ್ತದೆ.

ಔಷಧದ ಶೋಧ

ಜಮೈಕಾದಲ್ಲಿ ಇದರ ಎಲೆಯ ಕಷಾಯವನ್ನು ಮಧುಮೇಹಕ್ಕೆ ಕುಡಿಯುವ ರೂಢಿಯಿತ್ತು. 1950ರ ದಶಕದಲ್ಲಿ ಕೆನಡಾದ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅದನ್ನು ಪರೀಕ್ಷಿಸಿದರು. ಇಲಿಗಳ ರಕ್ತದ ಸಕ್ಕರೆ ಇಳಿಯಲಿಲ್ಲ. ಸಾರವನ್ನು ಚುಚ್ಚಿದಾಗ ಬಿಳಿ ರಕ್ತಕಣಗಳು ತೀವ್ರವಾಗಿ ಕುಸಿದು ಇಲಿಗಳು ಸೋಂಕಿನಿಂದ ಸತ್ತವು. ಬಿಳಿ ರಕ್ತಕಣಗಳು ಮಿತಿಮೀರಿ ಹೆಚ್ಚುವ ರಕ್ತದ ಕ್ಯಾನ್ಸರಿಗೆ ಇದೇ ಗುಣ ಉಪಯುಕ್ತವೆಂದು ಅವರು ಗ್ರಹಿಸಿದರು. ವಿನ್‌ಬ್ಲಾಸ್ಟೀನ್ ಕುರಿತ ವರದಿ 1958ರಲ್ಲಿ ಪ್ರಕಟವಾಯಿತು. ಎಲೈ ಲಿಲ್ಲಿ ಕಂಪನಿಯ ವಿಜ್ಞಾನಿಗಳು ಪ್ರತ್ಯೇಕಿಸಿದ ವಿನ್‌ಕ್ರಿಸ್ಟೀನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಜೀವಕೋಶ ಎರಡಾಗಿ ಒಡೆಯುವಾಗ ವರ್ಣತಂತುಗಳನ್ನು ಎಳೆದು ಬೇರ್ಪಡಿಸುವ ಸೂಕ್ಷ್ಮ ನಳಿಕೆಗಳು ಟ್ಯೂಬುಲಿನ್ ಎಂಬ ಪ್ರೋಟೀನಿನಿಂದ ಆಗುತ್ತವೆ. ಈ ಔಷಧಗಳು ಟ್ಯೂಬುಲಿನ್‌ಗೆ ಅಂಟಿಕೊಂಡು ನಳಿಕೆ ಕಟ್ಟದಂತೆ ತಡೆಯುತ್ತವೆ; ಕೋಶವಿಭಜನೆ ನಡುವೆಯೇ ನಿಲ್ಲುತ್ತದೆ. ವಿನ್‌ಕ್ರಿಸ್ಟೀನ್ ಮಕ್ಕಳ ರಕ್ತ ಕ್ಯಾನ್ಸರಿಗೂ ವಿನ್‌ಬ್ಲಾಸ್ಟೀನ್ ಹಾಡ್ಜ್‌ಕಿನ್ ಲಿಂಫೋಮಾಕ್ಕೂ ಬಳಕೆಯಲ್ಲಿವೆ.

ಬ್ಯಾಕ್ಟೀರಿಯಾ ನಿರೋಧಕ ಗುಣ

ಎಲೆಯ ಸಾರವು ಸ್ಟ್ಯಾಫಿಲೊಕಾಕಸ್‌ನಂತಹ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ಪ್ರಯೋಗಾಲಯದ ತಟ್ಟೆಯಲ್ಲಿ ತಡೆಯುವುದು ಕಂಡುಬಂದಿದೆ. ತಟ್ಟೆಯಲ್ಲಿ ಕಂಡ ಪರಿಣಾಮ ದೇಹದೊಳಗೂ ಸಿದ್ಧವಾಗಬೇಕಾಗುತ್ತದೆ. ಈ ಗಿಡದಿಂದ ಪ್ರತಿಜೈವಿಕ ಔಷಧವೊಂದೂ ಬಳಕೆಗೆ ಬಂದಿಲ್ಲ.

ಮನೆಮದ್ದು ಮತ್ತು ಅಪಾಯ

ಸಕ್ಕರೆ ಕಾಯಿಲೆಗೆಂದು ಎಲೆ ಅಗಿಯುವ, ಹೂವಿನ ಕಷಾಯ ಕುಡಿಯುವ ಪದ್ಧತಿ ಭಾರತದಲ್ಲಿಯೂ ಇದೆ. ಗಿಡದಲ್ಲಿ ನೂರಕ್ಕೂ ಹೆಚ್ಚು ಆಲ್ಕಲಾಯ್ಡ್‌ಗಳಿದ್ದು, ಯಾವುದು ಎಷ್ಟು ಹೊಟ್ಟೆಗೆ ಹೋಯಿತೆಂದು ತಿಳಿಯುವ ಬಗೆ ಮನೆಯಲ್ಲಿಲ್ಲ. ಕ್ಯಾನ್ಸರಿಗೂ ಎಲೆ ಸಾಕೆಂಬ ನಂಬಿಕೆಗೆ ಆಧಾರವಿಲ್ಲ: ಒಂದು ಗ್ರಾಂ ವಿನ್‌ಬ್ಲಾಸ್ಟೀನ್ ತೆಗೆಯಲು ಸುಮಾರು 500 ಕಿಲೋಗ್ರಾಂ ಒಣ ಎಲೆ ಬೇಕು. ಶುದ್ಧ ವಿನ್‌ಕ್ರಿಸ್ಟೀನನ್ನು ವಯಸ್ಕರಿಗೂ ಒಮ್ಮೆಗೆ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರದಂತೆ, ರಕ್ತನಾಳದ ಮೂಲಕವೇ ಕೊಡುತ್ತಾರೆ. ಪ್ರಮಾಣ ಹೆಚ್ಚಾದರೆ ನರಗಳಿಗೆ ಹಾನಿ. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಪ್ರಾಣಾಪಾಯ. ಗರ್ಭಿಣಿಯರು ಈ ಗಿಡವನ್ನು ಸೇವಿಸಬಾರದು.