ಹಸಿವು ಮೊದಲು, ಊಟ ಆಮೇಲೆ: ಎಂಜಿನಿಯರಿಂಗ್ ಮೊದಲ ವರ್ಷದ ಹುಡುಕಾಟ

ಪಿಯುಸಿ ಮುಗಿಸಿ, ಸಿಇಟಿ ಬರೆದು, ಸಿವಿಲ್ಲೋ ಎಲೆಕ್ಟ್ರಾನಿಕ್ಸೋ ಆರಿಸಿಕೊಂಡು ಕಾಲೇಜಿಗೆ ಬಂದ ಹುಡುಗ ಹುಡುಗಿಯರಿಗೆ ನಮ್ಮ ರಾಜ್ಯದಲ್ಲಿ ದಶಕಗಳ ಕಾಲ ಮೊದಲು ಎದುರಾದದ್ದು ಅವರ ಬ್ರಾಂಚ್ ಅಲ್ಲ, ಫಿಸಿಕ್ಸ್ ಸೈಕಲ್ ಇಲ್ಲವೇ ಕೆಮಿಸ್ಟ್ರಿ ಸೈಕಲ್. ಪಿಯುಸಿಯಲ್ಲಿ ಓದಿದ ವಿಷಯಗಳೇ ಇನ್ನಷ್ಟು ದಪ್ಪ ಪುಸ್ತಕಗಳಲ್ಲಿ ಮರಳಿ ಬರುತ್ತಿದ್ದವು. ಈಗ ಅಡಿಪಾಯ ಹಾಕಿಕೊಳ್ಳಿ, ಕಟ್ಟಡ ಆಮೇಲೆ ಎಂಬುದು ಇದರ ಹಿಂದಿನ ಧೋರಣೆ. ಕೇಳಲು ಸರಿಯೆನಿಸುತ್ತದೆ. ಆದರೆ ಯಾವ ಕಟ್ಟಡ ಎಂದು ಗೊತ್ತಿಲ್ಲದೆ ಅಡಿಪಾಯ ತೋಡುವವರಿಗೆ ಎಷ್ಟು ಆಳ ತೋಡಬೇಕೆಂಬುದೂ ಗೊತ್ತಾಗುವುದಿಲ್ಲ. ಈ ಅನುಕ್ರಮ ಎಲ್ಲಿಂದ ಬಂತು, ಅದನ್ನು ಬದಲಿಸಲು ಹೊರಟವರು ಏನು ಕಂಡುಕೊಂಡರು ಎಂದು ನೋಡುತ್ತ ಹೋದರೆ ನನಗೆ ಒಂದು ತೀರ್ಮಾನ ಗಟ್ಟಿಯಾಗುತ್ತದೆ. ಮೊದಲ ವರ್ಷದ ಪಾಠ ವಿದ್ಯಾರ್ಥಿಯನ್ನು ಹಿಡಿದಿಡಬೇಕಾದರೆ, ಜ್ಞಾನಕ್ಕಿಂತ ಒಂದು ಹೆಜ್ಜೆ ಮುಂಚೆ ಆ ಜ್ಞಾನದ ಅಗತ್ಯ ಬಂದು ನಿಲ್ಲಬೇಕು.

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಕಾಲೇಜುಗಳಲ್ಲಿ ಎಂಜಿನಿಯರಿಂಗ್ ಎಂದರೆ ಡ್ರಾಯಿಂಗ್ ಬೋರ್ಡು, ಕುಲುಮೆ, ಮರಗೆಲಸ. ಅಂಥದೇ ಪರಂಪರೆ ನಮ್ಮಲ್ಲಿ ವರ್ಕ್‌ಶಾಪ್ ಎಂಬ ಹೆಸರಿನಲ್ಲಿ ಉಳಿದುಬಂತು. ಎರಡು ಉಕ್ಕಿನ ತುಂಡುಗಳನ್ನು ವೈಸ್‌ಗೆ ಕಚ್ಚಿಸಿ, ಗಂಟೆಗಟ್ಟಲೆ ಅರ ಹಾಕಿ, ಒಂದನ್ನೊಂದು ಕೂಡಿಸಿ ಕಿಟಕಿಯ ಬೆಳಕಿಗೆ ಹಿಡಿಯುವುದು. ಸಂದಿನಲ್ಲಿ ಬೆಳಕು ಇಣುಕಿದರೆ ಮತ್ತೆ ಅರ ಹಾಕುವುದು. ಕೈಗೆ ಅದು ಒಳ್ಳೆಯ ಪಾಠ. ಅಷ್ಟು ನಿಖರವಾಗಿ ಏಕೆ ಕೂಡಬೇಕು ಎಂಬ ಪ್ರಶ್ನೆ ಮಾತ್ರ ಆ ಕೋಣೆಯಲ್ಲಿ ಹುಟ್ಟುತ್ತಿರಲಿಲ್ಲ. ಎರಡನೆಯ ಮಹಾಯುದ್ಧ ಈ ಪರಂಪರೆಯ ಬುಡವನ್ನು ಅಲ್ಲಾಡಿಸಿತು. ರೇಡಾರ್, ಅಣುಬಾಂಬುಗಳ ಮುಂಚೂಣಿಯಲ್ಲಿ ಭೌತವಿಜ್ಞಾನಿಗಳಿದ್ದರು. ಎಂಜಿನಿಯರುಗಳಿಗೆ ವಿಜ್ಞಾನ ಸಾಲದು ಎಂಬ ಅಳುಕು ಹಬ್ಬಿತು. ಅಮೆರಿಕದ ಎಂಜಿನಿಯರಿಂಗ್ ಶಿಕ್ಷಣದ ಬಗ್ಗೆ 1955ರಲ್ಲಿ ಹೊರಬಂದ ಗ್ರಿಂಟರ್ ವರದಿ ಘನವಸ್ತುಗಳ ಬಲವಿಜ್ಞಾನ, ದ್ರವಗಳ ಬಲವಿಜ್ಞಾನ, ಉಷ್ಣಗತಿವಿಜ್ಞಾನ ಮೊದಲಾದ ಆರು ‘ಎಂಜಿನಿಯರಿಂಗ್ ವಿಜ್ಞಾನ’ಗಳನ್ನು ಪಠ್ಯದ ನಡುಮನೆಗೆ ತಂದಿತು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ಈ ಒಲವಿಗೆ ಇನ್ನಷ್ಟು ಬಲ ಬಂತು. ಅದೇ ವರದಿ ವಿನ್ಯಾಸದ ಕಲಿಕೆಯನ್ನೂ ಕೇಳಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. ಕಾಲೇಜುಗಳು ವಿಜ್ಞಾನದ ಭಾಗವನ್ನು ಎತ್ತಿಕೊಂಡವು, ವಿನ್ಯಾಸವನ್ನು ಕೊನೆಯ ವರ್ಷದ ಪ್ರಾಜೆಕ್ಟಿಗೆ ತಳ್ಳಿದವು.

ಇದಕ್ಕೆ ತೆತ್ತ ಬೆಲೆ ತಡವಾಗಿ ಲೆಕ್ಕಕ್ಕೆ ಬಂತು. ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಬಿಟ್ಟು ಹೋದ ಅಮೆರಿಕದ ವಿದ್ಯಾರ್ಥಿಗಳನ್ನೂ ಉಳಿದವರನ್ನೂ ಮಾತನಾಡಿಸಿ ಎಲೇನ್ ಸೀಮೋರ್ ಮತ್ತು ನ್ಯಾನ್ಸಿ ಹ್ಯುವಿಟ್ 1997ರಲ್ಲಿ ಪ್ರಕಟಿಸಿದ ಅಧ್ಯಯನ, ಬಿಟ್ಟವರಿಗೂ ಉಳಿದವರಿಗೂ ಸಾಮರ್ಥ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು ತೋರಿಸಿತು. ಬೋಧನೆ ಸರಿಯಿಲ್ಲ, ಆಸಕ್ತಿ ಸತ್ತಿತು ಎಂಬ ದೂರು ಉಳಿದವರ ಬಾಯಲ್ಲೂ ಇತ್ತು. ಅಷ್ಟರಲ್ಲಿ ವಿನ್ಯಾಸವನ್ನು ಮೊದಲ ವರ್ಷಕ್ಕೆ ತರುವ ಪ್ರಯತ್ನಗಳು ಕ್ಯಾಲಿಫೋರ್ನಿಯಾದ ಹಾರ್ವಿ ಮಡ್‌ನಂಥ ಕಾಲೇಜುಗಳಲ್ಲಿ ನಡೆದಿದ್ದವು. 1990ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಕಾಲೇಜುಗಳ ಒಕ್ಕೂಟಗಳಿಗೆ ಹಣ ಕೊಟ್ಟಾಗ ಅವು ಹರಡಿದವು. ಕೊಲರಾಡೊ ವಿಶ್ವವಿದ್ಯಾಲಯದ ಬೋಲ್ಡರ್ ಕ್ಯಾಂಪಸ್ಸಿನಲ್ಲಿ ಮೊದಲ ವರ್ಷದ ಪ್ರಾಜೆಕ್ಟ್ ಕೋರ್ಸ್ ಓದಿದವರು ಎಂಜಿನಿಯರಿಂಗಿನಲ್ಲೇ ಉಳಿದ ಪ್ರಮಾಣ ಓದದವರಿಗಿಂತ ಹೆಚ್ಚು ಎಂದು 2007ರ ಅಧ್ಯಯನವೊಂದು ವರದಿ ಮಾಡಿತು. ಇಷ್ಟಪಟ್ಟವರೇ ಕೋರ್ಸ್ ಆರಿಸಿಕೊಂಡಿದ್ದರೆ ಉತ್ಸಾಹಿಗಳು ಉಳಿದದ್ದರಲ್ಲಿ ವಿಶೇಷವೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಂಥ ಒಂದೇ ಅಧ್ಯಯನದ ಮೇಲೆ ಭಾರ ಹಾಕದೆ, ಕಲಿಕೆಯ ಒಳಗೆ ಏನು ಬದಲಾಗುತ್ತದೆ ಎಂದು ನೋಡುವುದು ವಾಸಿ.

ಏಕೆಂದರೆ ಪ್ರಾಜೆಕ್ಟ್ ಇಟ್ಟ ಮಾತ್ರಕ್ಕೆ ಕಲಿಕೆ ಆಗುವುದಿಲ್ಲ. ಐಸ್‌ಕ್ರೀಂ ಕಡ್ಡಿಗಳ ಸೇತುವೆಯನ್ನೇ ತೆಗೆದುಕೊಳ್ಳಿ. ತಂಡಗಳು ಅಂಟು ಹಚ್ಚಿ ಕಟ್ಟುತ್ತವೆ, ತೂಕ ನೇತುಹಾಕುತ್ತವೆ, ಸೇತುವೆ ಲಟಕ್ಕನೆ ಮುರಿಯುತ್ತದೆ, ಚಪ್ಪಾಳೆ ಬೀಳುತ್ತದೆ. ಮರುದಿನ ಕೈಯಲ್ಲಿ ಉಳಿಯುವುದು ಫೋಟೊ. ಅದೇ ತಂಡಕ್ಕೆ ತೂಕ ಹಾಕುವ ಮುನ್ನ ಒಂದು ಚೀಟಿ ಕೊಟ್ಟು, ಯಾವ ಕಡ್ಡಿ ಮೊದಲು ಮುರಿಯುತ್ತದೆ, ಎಷ್ಟು ಭಾರಕ್ಕೆ ಎಂದು ಬರೆಸಿ ನೋಡಿ. ಊಹೆ ತಪ್ಪಿದಾಗ ಪ್ರತಿ ಕೀಲಿನಲ್ಲಿ ಬಲಗಳನ್ನು ಕೂಡಿಸಿ ಕಳೆಯುವ ಲೆಕ್ಕವನ್ನು ಅವರೇ ಕೇಳಿಕೊಂಡು ಬರುತ್ತಾರೆ. ಸ್ಪರ್ಧೆಯ ಗದ್ದಲವನ್ನು ಕಲಿಕೆ ಎಂದು ತಿಳಿದ ಕೋರ್ಸುಗಳು ಸೋತದ್ದು ಆ ಚೀಟಿಯ ಜಾಗದಲ್ಲಿ.

ಈ ಅರಿವನ್ನು ಕೊನೆಯವರೆಗೂ ಎಳೆದು ನೋಡಿದ್ದು ಒಹಾಯೊ ರಾಜ್ಯದ ರೈಟ್ ಸ್ಟೇಟ್ ವಿಶ್ವವಿದ್ಯಾಲಯ, 2004ರಲ್ಲಿ. ಕ್ಯಾಲ್ಕುಲಸ್ ಪಾಸಾಗದೆ ಮುಂದಿನ ಎಂಜಿನಿಯರಿಂಗ್ ವಿಷಯಗಳಿಗೆ ಪ್ರವೇಶವಿಲ್ಲ ಎಂಬ ನಿಯಮ ಅಲ್ಲಿ ಬಹಳ ಮಂದಿಯನ್ನು ಹೊಸ್ತಿಲಲ್ಲೇ ತಡೆಯುತ್ತಿತ್ತು. ನೇಥನ್ ಕ್ಲಿಂಗ್‌ಬೈಲ್ ಮತ್ತು ಸಹೋದ್ಯೋಗಿಗಳು ಎಂಜಿನಿಯರಿಂಗ್ ಅಧ್ಯಾಪಕರೇ ಕಲಿಸುವ ಒಂದು ಗಣಿತದ ಕೋರ್ಸ್ ರೂಪಿಸಿದರು. ತ್ರಿಕೋನಮಿತಿ ಅಲ್ಲಿ ರೋಬಾಟಿನ ತೋಳಾಗಿ ಬರುತ್ತದೆ. ಒಂದೇ ಕೊಂಡಿಯ ತೋಳಾದರೆ ಅದರ ತುದಿ ಎಲ್ಲಿದೆ ಎನ್ನಲು ಉದ್ದವನ್ನು ಕೋನದ ಸೈನ್, ಕೊಸೈನ್‌ಗಳಿಂದ ಗುಣಿಸಿದರೆ ಸಾಕು. ಎರಡು ಕೊಂಡಿಗಳ ತೋಳು ನಿಗದಿತ ಬಿಂದುವನ್ನು ಮುಟ್ಟಬೇಕು, ಕೋನಗಳೆಷ್ಟು ಎಂದು ಕೇಳಿದೊಡನೆ ಕೊಸೈನ್ ನಿಯಮವಿಲ್ಲದೆ ಗತಿಯಿಲ್ಲ. ಇನ್ನೊಂದು ವಿಸ್ಮಯವೂ ಕಾದಿರುತ್ತದೆ: ಮೊಣಕೈ ಮೇಲಾಗಿಯೂ ಕೆಳಗಾಗಿಯೂ ತೋಳು ಅದೇ ಬಿಂದುವನ್ನು ಮುಟ್ಟಬಲ್ಲದು, ಅಂದರೆ ಉತ್ತರ ಎರಡು. ಒಂದು ಸಮೀಕರಣಕ್ಕೆ ಎರಡು ಉತ್ತರ ಏಕೆ ಬರುತ್ತದೆ ಎಂಬುದನ್ನು ವಿದ್ಯಾರ್ಥಿ ಕಣ್ಣಾರೆ ಕಾಣುತ್ತಾನೆ. ಕೋರ್ಸ್ ಪಾಸಾದವರು ಕ್ಯಾಲ್ಕುಲಸ್‌ನ ಸರಣಿ ಮುಗಿಯುವ ಮೊದಲೇ ಮುಂದಿನ ವಿಷಯಗಳಿಗೆ ಹೋಗಬಹುದಾಯಿತು. ಅವರಲ್ಲಿ ಪದವಿ ಮುಗಿಸಿದವರ ಪ್ರಮಾಣ ಏರಿತು, ಬೇರೆ ವಿಶ್ವವಿದ್ಯಾಲಯಗಳೂ ಈ ಮಾದರಿಯನ್ನು ತೆಗೆದುಕೊಂಡವು.

ಹೀಗೆ ಮಾಡಿದರೆ ವಿಷಯದ ಗಟ್ಟಿತನ ಹೋಗುತ್ತದೆ ಎಂಬ ಆಕ್ಷೇಪ ಹಳೆಯದು. ರೈಟ್ ಸ್ಟೇಟ್ ಗಣಿತವನ್ನು ತೆಗೆದುಹಾಕಲಿಲ್ಲ, ಅದರ ಸರದಿಯನ್ನು ಬದಲಿಸಿತು. ಇನ್ನು ಕಲಿಸುವ ರೀತಿಯ ಪ್ರಶ್ನೆ: 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 225 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಬರೀ ಉಪನ್ಯಾಸದ ತರಗತಿಗಳಲ್ಲಿ ಫೇಲಾದವರು ಸರಾಸರಿ ಶೇ 34ರಷ್ಟು, ವಿದ್ಯಾರ್ಥಿಗಳನ್ನು ಕೆಲಸಕ್ಕೆ ಹಚ್ಚಿದ ತರಗತಿಗಳಲ್ಲಿ ಶೇ 22ರಷ್ಟು. ವಿದ್ಯಾರ್ಥಿಗಳಿಗೇ ಇದು ಇಷ್ಟವಾಗುವುದಿಲ್ಲ ಎಂಬ ಮಾತಿನಲ್ಲೂ ಹುರುಳಿದೆ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳ 2019ರ ಅಧ್ಯಯನದಲ್ಲಿ, ಹೀಗೆ ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರೂ ತಾವು ಕಲಿತದ್ದು ಕಡಿಮೆ ಎಂದೇ ಭಾವಿಸಿದ್ದರು. ತಿಣುಕಾಟ ಕಲಿಕೆಯ ಲಕ್ಷಣ ಎಂದು ಮೊದಲ ವಾರದಲ್ಲೇ ಅವರಿಗೆ ಬಿಡಿಸಿ ಹೇಳಬೇಕು. ಕೋರ್ಸಿನ ಕೊನೆಯಲ್ಲಿ ವಿದ್ಯಾರ್ಥಿಗಳು ತುಂಬುವ ಫೀಡ್‌ಬ್ಯಾಕ್ ಫಾರಂ ಒಂದನ್ನೇ ನಂಬಿ ಕೋರ್ಸನ್ನು ಅಳೆಯಲೂಬಾರದು.

ಅರವತ್ತು ಎಪ್ಪತ್ತು ಮಂದಿಯ ನಮ್ಮ ತರಗತಿಗಳಲ್ಲಿ ಇದು ಆಗದ ಮಾತು ಎನ್ನುವವರು ಹುಬ್ಬಳ್ಳಿಯತ್ತ ನೋಡಬೇಕು. ಹಳೆಯ ಬಿವಿಬಿ ಕಾಲೇಜು 2015ರಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾದ ಹೊತ್ತಿಗೆ ಅಲ್ಲಿ ‘ಎಂಜಿನಿಯರಿಂಗ್ ಎಕ್ಸ್‌ಪ್ಲೊರೇಷನ್’ ಎಂಬ ಮೊದಲ ವರ್ಷದ ಕೋರ್ಸ್ ರೂಪುಗೊಂಡಿತು. ಬೇರೆ ಬೇರೆ ಬ್ರಾಂಚಿನ ಅಧ್ಯಾಪಕರು ಕೂಡಿ ಕಲಿಸುವುದು, ತಂಡಗಳು ಯಾಂತ್ರಿಕ ಜೋಡಣೆಯನ್ನೂ ಆರ್ಡುಯಿನೊ ಬೋರ್ಡನ್ನೂ ಬಳಸಿ ಏನಾದರೊಂದು ಕಟ್ಟುವುದು ಅದರ ಬಗೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) 2022ರ ಸ್ಕೀಮಿನಲ್ಲಿ ಗಣಿತವನ್ನು ಬ್ರಾಂಚುಗಳ ಗುಂಪಿಗೆ ತಕ್ಕಂತೆ ವಿಂಗಡಿಸಿತು, ‘ಇನ್ನೊವೇಷನ್ ಆ್ಯಂಡ್ ಡಿಸೈನ್ ಥಿಂಕಿಂಗ್’ ಎಂಬ 1 ಕ್ರೆಡಿಟ್‌ನ ವಿಷಯವನ್ನೂ ಇಟ್ಟಿತು. ಎರಡೂ ಸ್ವಾಗತಾರ್ಹ. ನನ್ನ ತಕರಾರು ಅವೆರಡರ ನಡುವಿನ ಗೋಡೆಯ ಬಗ್ಗೆ. ಮೊದಲ ವರ್ಷದ ಗಣಿತದಲ್ಲಿ ನ್ಯೂಟನ್ನನ ತಂಪಾಗುವಿಕೆಯ ನಿಯಮ ಬರುತ್ತದೆ. ಸೂತ್ರ ಹಾಕಿ ನಿಮಿಷ ಕಂಡುಹಿಡಿದರೆ ಅಂಕ ಸಿಗುತ್ತದೆ. ಅದೇ ವಾರ ಒಂದು ಲೋಟ ಬಿಸಿ ಕಾಫಿಗೆ ತಾಪಮಾನದ ಸೆನ್ಸರ್ ಇಳಿಸಿ, ನಿಮಿಷಕ್ಕೊಂದು ಅಳತೆ ಬರೆದುಕೊಂಡು ಗ್ರಾಫ್ ಎಳೆಯಲು ಬೇಕಾಗುವುದು ಒಂದು ಲ್ಯಾಬ್ ಅವಧಿ ಮತ್ತು ಇಬ್ಬರು ಅಧ್ಯಾಪಕರ ಹೊಂದಾಣಿಕೆ. ಕಾಫಿ ಬಿಸಿಯಾಗಿರುವ ಮೊದಲ ಕೆಲವು ನಿಮಿಷಗಳಲ್ಲಿ ಅಳತೆಯ ಗೆರೆ ಸೂತ್ರದ ಗೆರೆಗಿಂತ ಬೇಗ ಇಳಿಯುತ್ತದೆ. ಏಕೆಂದು ಕೇಳಿದ ವಿದ್ಯಾರ್ಥಿಯ ಕಣ್ಣು ಲೋಟದ ಮೇಲೆ ಏಳುತ್ತಿರುವ ಹಬೆಯ ಕಡೆ ಹೊರಳುತ್ತದೆ.