ಕೈಕೊಡುವ ಕ್ಲೋನ್: ಎಂಬೆಡೆಡ್ ಬಿಲ್ಡ್‌ಗಳ ಎರಡು ದಶಕ

ರೌಟರ್, ಸೆಟ್‌ಟಾಪ್ ಬಾಕ್ಸ್, ಕಾರಿನ ಡ್ಯಾಶ್‌ಬೋರ್ಡ್‌ಗಳ ಒಳಗಿನ ಲಿನಕ್ಸನ್ನು ಕಟ್ಟಿಕೊಡುವ ಬಿಲ್ಡ್ ವ್ಯವಸ್ಥೆಗಳಿಗೆ ಕಂಪೈಲ್ ಮಾಡುವುದು ಎರಡನೆಯ ಕೆಲಸ. ಮೊದಲನೆಯದು ತರುವುದು. ಕರ್ನಲ್, ಬೂಟ್‌ಲೋಡರ್, ನೂರಾರು ಲೈಬ್ರರಿಗಳ ಸೋರ್ಸ್ ಕೋಡ್ ಯಾರದೋ ಸರ್ವರ್‌ಗಳಿಂದ ಇಳಿದು ಬರಬೇಕು. ನಿನ್ನೆ ಸರಿಯಿದ್ದ ಬಿಲ್ಡ್ ಇವತ್ತು ಮುರಿದರೆ ಅನುಭವಸ್ಥರು ಮೊದಲು ನೋಡುವುದು ಈ ಫೆಚ್ ಹಂತವನ್ನೇ.

2001ರ ಸುಮಾರಿಗೆ ಬಿಲ್ಡ್‌ರೂಟ್ ಶುರುವಾದಾಗ ಚಿಂತೆ ಕಡಿಮೆಯಿತ್ತು. ಟಾರ್‌ಬಾಲ್‌ನ ಹೆಸರಲ್ಲೇ ಆವೃತ್ತಿ ಇರುತ್ತಿತ್ತು, ಡಬ್ಲ್ಯುಗೆಟ್ ಅದನ್ನು ತರುತ್ತಿತ್ತು. ಶಾರ್ಪ್ ಕಂಪನಿಯ ಜೌರಸ್ ಕೈಗಣಕಕ್ಕಾಗಿ ನಡೆದ ಕೆಲಸದಿಂದ 2003ರಲ್ಲಿ ಓಪನ್‌ಎಂಬೆಡೆಡ್ ಹುಟ್ಟಿತು. ಅದರ ಬಿಲ್ಡ್ ಉಪಕರಣ ಬಿಟ್‌ಬೇಕ್ 2004ರ ಕೊನೆಗೆ ಬೇರೆಯಾಯಿತು. ಓಪನ್‌ಎಂಬೆಡೆಡ್‌ನ ರೆಸಿಪಿಗಳೇ (ಪ್ಯಾಕೇಜ್ ಕಟ್ಟುವ ಬಗೆ ಬರೆದ ಕಡತಗಳು) ಆವೃತ್ತಿ ನಿಯಂತ್ರಣ ಉಪಕರಣವಾದ ಬಿಟ್‌ಕೀಪರ್‌ನಿಂದ ಮೊನೊಟೋನ್‌ಗೆ, ಅಲ್ಲಿಂದ 2008ರಲ್ಲಿ ಗಿಟ್‌ಗೆ ವಲಸೆ ಹೋದವು. 2010ರಲ್ಲಿ, ಓಪನ್‌ಎಂಬೆಡೆಡ್ ಮೇಲೆ ಕಟ್ಟಿದ ಯೋಕ್ಟೋ ಪ್ರಾಜೆಕ್ಟ್ ಘೋಷಣೆಯಾಗುವ ಹೊತ್ತಿಗೆ ಗಿಟ್ ಬಹುತೇಕ ಗೆದ್ದಾಗಿತ್ತು.

ಗಿಟ್ ತಂದ ದೊಡ್ಡ ಅನುಕೂಲ ಕಮಿಟ್ ಹ್ಯಾಶ್. ರೆಸಿಪಿಯಲ್ಲಿ ಅದನ್ನು ಬರೆದಿಟ್ಟರೆ ಏನು ಬೇಕೆಂಬುದರಲ್ಲಿ ಗೊಂದಲವಿಲ್ಲ. ಆದರೆ ಎಲ್ಲಿಂದ ತರಬೇಕೆಂಬುದು ಹೊರಗಿನವರ ಕೈಯಲ್ಲೇ ಉಳಿಯಿತು. ಆಮೇಲಿನ ತೊಂದರೆಗಳಲ್ಲಿ ಹೆಚ್ಚಿನವು ಈ ಎರಡರ ನಡುವಿನ ಬಿರುಕಿನಿಂದ ಬಂದವು. 2015ರಲ್ಲಿ ಕೋಡ್ ಇಡುವ ತಾಣ ಗಿಟೋರಿಯಸ್ ಬಾಗಿಲು ಹಾಕಿತು, 2016ರ ಜನವರಿಯಲ್ಲಿ ಗೂಗಲ್ ಕೋಡ್. ಹ್ಯಾಶ್ ರೆಸಿಪಿಯಲ್ಲಿ ಭದ್ರವಾಗಿತ್ತು, ವಿಳಾಸ ಮಾತ್ರ ಸತ್ತಿತ್ತು.

ಎಲ್ಲರಿಗೂ ಏಟು ಬಿದ್ದದ್ದು 2022ರ ಮಾರ್ಚ್ 15ರಂದು. ಎನ್‌ಕ್ರಿಪ್ಷನ್ ಇಲ್ಲದ ಹಳೆಯ ಗಿಟ್ ಪ್ರೋಟೊಕಾಲನ್ನು ಗಿಟ್‌ಹಬ್ ಅಂದು ಶಾಶ್ವತವಾಗಿ ನಿಲ್ಲಿಸಿತು. ರೆಸಿಪಿಗಳನ್ನು ಒಟ್ಟಿಗಿಡುವ ಯೋಕ್ಟೋದ ಲೆಕ್ಕವಿಲ್ಲದಷ್ಟು ಲೇಯರ್‌ಗಳಲ್ಲಿ ಸೋರ್ಸ್‌ನ ವಿಳಾಸ ಅದೇ ರೂಪದಲ್ಲಿತ್ತು. 2021ರ ಸೆಪ್ಟೆಂಬರ್‌ನಲ್ಲೇ ಮುನ್ಸೂಚನೆ ಬಂದಿದ್ದರೂ, ವರ್ಷಗಟ್ಟಲೆ ಯಾರೂ ಮುಟ್ಟದ ಬೋರ್ಡ್ ಬೆಂಬಲದ ಲೇಯರ್‌ಗಳನ್ನು ತಿದ್ದುವವರು ಯಾರು? ಪರಿಹಾರವೇನೋ ಚಿಕ್ಕದು: ವಿಳಾಸದ ಕೊನೆಗೆ ಪ್ರೋಟೊಕಾಲ್ ಎಚ್‌ಟಿಟಿಪಿಎಸ್ ಎಂದು ಸೇರಿಸುವುದು. ಇಡೀ ಲೇಯರನ್ನು ಒಮ್ಮೆಗೇ ತಿದ್ದುವ ಸ್ಕ್ರಿಪ್ಟನ್ನೂ ಓಪನ್‌ಎಂಬೆಡೆಡ್ ತಂಡ ಕೊಟ್ಟಿತು. ಅದೇ ಸ್ಕ್ರಿಪ್ಟ್ ಬ್ರಾಂಚ್ ಹೆಸರನ್ನೂ ಸೇರಿಸುತ್ತದೆ. ಅದಕ್ಕೂ ಕಾರಣವಿದೆ. ಹ್ಯಾಶ್ ಸಿಕ್ಕರಷ್ಟೇ ಬಿಟ್‌ಬೇಕ್‌ಗೆ ಸಾಲದು, ಆ ಕಮಿಟ್ ಹೇಳಿದ ಬ್ರಾಂಚಿನಲ್ಲೇ ಇದೆಯೇ ಎಂದೂ ಅದು ನೋಡುತ್ತದೆ. ಹಾಗಾಗಿ ಯಾರೋ ‘ಮಾಸ್ಟರ್’ ಅನ್ನು ‘ಮೇನ್’ ಮಾಡಿದರೆ, ಕಮಿಟ್ ಇದ್ದಲ್ಲೇ ಇದ್ದರೂ ಬಿಲ್ಡ್ ಬೀಳುತ್ತದೆ.

ಮರು ತಿಂಗಳೇ ಬಂದದ್ದು ಇನ್ನೂ ವಿಚಿತ್ರ. ಏಪ್ರಿಲ್ 12ರಂದು ಬಿಡುಗಡೆಯಾದ ಗಿಟ್ 2.35.2, ಭದ್ರತೆಯ ಸಲುವಾಗಿ, ಬೇರೆ ಬಳಕೆದಾರನ ಒಡೆತನದ ರೆಪೊಸಿಟರಿಯಲ್ಲಿ ಕೆಲಸ ಮಾಡಲು ಒಪ್ಪಲಿಲ್ಲ. ಯೋಕ್ಟೋದಲ್ಲಿ ಇನ್‌ಸ್ಟಾಲ್ ಹಂತ ನಡೆಯುವುದು ಸ್ಯೂಡೊ ಎಂಬ ಪೊರೆಯೊಳಗೆ. ಅಲ್ಲಿ ಸಾಮಾನ್ಯ ಬಳಕೆದಾರನೂ ರೂಟ್‌ನಂತೆ ಕಾಣುತ್ತಾನೆ, ಕ್ಲೋನ್ ಆದ ಕಡತಗಳು ಮಾತ್ರ ಅವನ ನಿಜ ಹೆಸರಲ್ಲೇ ಇರುತ್ತವೆ. ಕ್ಲೋನ್ ಸರಿಯಾಗಿಯೇ ಆಗಿರುತ್ತಿತ್ತು, ಆವೃತ್ತಿ ಏನೆಂದು ಕೇಳಿದ ಕೂಡಲೇ ಗಿಟ್ ಮುಖ ತಿರುಗಿಸುತ್ತಿತ್ತು. ಎಲ್ಲ ಡೈರೆಕ್ಟರಿಗಳೂ ಸುರಕ್ಷಿತವೆಂದು ಗಿಟ್ ಸೆಟ್ಟಿಂಗ್‌ನಲ್ಲಿ ನಕ್ಷತ್ರ ಚಿಹ್ನೆ ಹಾಕಿ ಪಾರಾದವರು ಬಹಳ. ಇದು ಭದ್ರತೆಯನ್ನೇ ಕಿತ್ತುಹಾಕುವ ಪರಿಹಾರ. ಗಿಟ್ಟನ್ನು ಸ್ಯೂಡೊದಿಂದ ಹೊರಗೆ ಓಡಿಸುವ ಪುಟ್ಟ ಹೊದಿಕೆ ಸ್ಕ್ರಿಪ್ಟ್ ಸೇರಿಸಿದ ಓಪನ್‌ಎಂಬೆಡೆಡ್‌ನವರ ದಾರಿಯೇ ಸರಿ.

ಹಾಗಾದರೆ ಕ್ಲೋನ್ ಬಿಟ್ಟು ಗಿಟ್‌ಹಬ್ ತಾನೇ ತಯಾರಿಸಿ ಕೊಡುವ ಟಾರ್‌ಬಾಲ್‌ಗೆ ಮರಳಬಹುದಲ್ಲವೇ? 2023ರ ಜನವರಿ 30ರಂದು ಅಲ್ಲಿ ಜಿಜಿಪ್ ಮಾಡುವ ಬಗೆ ಬದಲಾಗಿ, ಒಳಗಿನದು ಅದೇ ಇದ್ದರೂ ಚೆಕ್‌ಸಮ್‌ಗಳು ತಪ್ಪಿದವು. ಬದಲಾವಣೆಯನ್ನು ಬೇಗನೇ ಹಿಂತೆಗೆದರು. ಅಂಥ ವಿಳಾಸ ಬಳಸಬೇಡಿ ಎಂದು ಓಪನ್‌ಎಂಬೆಡೆಡ್ ಅದಕ್ಕೂ ಮೊದಲೇ ಎಚ್ಚರಿಸುತ್ತಿತ್ತು.

ಇನ್ನೊಂದು ಹಳೆಯ ಪೀಡೆ ಗಾತ್ರ. ಕರ್ನಲ್‌ನ ಪೂರ್ತಿ ಇತಿಹಾಸ ಗಿಗಾಬೈಟ್‌ಗಳ ಲೆಕ್ಕ, ನಡುವೆ ಸಂಪರ್ಕ ಕಡಿದರೆ ಕ್ಲೋನ್ ಮೊದಲಿಂದ ಶುರು. ಗಿಟ್‌ನ ಪೋಸ್ಟ್‌ಬಫರ್ ಹೆಚ್ಚಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಸರ್ವರ್‌ಗೆ ಕಳಿಸುವ ದತ್ತಾಂಶದ ಬಫರ್. ಕ್ಲೋನ್‌ಗೆ ಅದನ್ನು ಹೆಚ್ಚಿಸುವುದು ಕಾಲುನೋವಿಗೆ ಹಣೆಗೆ ಮುಲಾಮು ಹಚ್ಚಿದಂತೆ. ಬಿಲ್ಡ್‌ರೂಟ್ 2018ರಿಂದ ಪ್ರತಿ ಪ್ಯಾಕೇಜಿನ ಗಿಟ್ ಪ್ರತಿಯನ್ನು ಡೌನ್‌ಲೋಡ್ ಡೈರೆಕ್ಟರಿಯಲ್ಲೇ ಉಳಿಸಿಕೊಂಡು ಹೊಸದನ್ನಷ್ಟೇ ತರುತ್ತದೆ. ಬಿಟ್‌ಬೇಕ್‌ನಲ್ಲಿ ಪೂರ್ತಿ ಇತಿಹಾಸ ಬಿಟ್ಟು ಬೇಕಾದಷ್ಟನ್ನೇ ಇಟ್ಟುಕೊಳ್ಳುವ ಶ್ಯಾಲೋ ಕ್ಲೋನ್ ಆಯ್ಕೆಯಿದೆ.

ನನ್ನ ಮಟ್ಟಿಗೆ ನೆಚ್ಚಬಹುದಾದದ್ದು ಸ್ವಂತ ಮಿರರ್. ಕ್ಲೋನ್‌ಗಳನ್ನು ಟಾರ್‌ಬಾಲ್ ಮಾಡಿಡಲು ಬಿಟ್‌ಬೇಕ್‌ಗೆ ಹೇಳಬೇಕು, ಅವನ್ನು ಕಚೇರಿಯ ಸರ್ವರ್‌ನಲ್ಲಿಟ್ಟು ಮೊದಲು ಹುಡುಕುವ ಜಾಗ, ಅಂದರೆ ಪ್ರಿಮಿರರ್, ಎಂದು ತೋರಿಸಬೇಕು. ಬಿಲ್ಡ್‌ರೂಟ್‌ನಲ್ಲಿ ಇದೇ ಕೆಲಸಕ್ಕೆ ಪ್ರೈಮರಿ ಸೈಟ್ ಇದೆ. ಆಮೇಲೆ ಡೌನ್‌ಲೋಡ್ ಡೈರೆಕ್ಟರಿ ಖಾಲಿ ಮಾಡಿ, ಪ್ರಿಮಿರರ್ ಬಿಟ್ಟು ಬೇರೆಲ್ಲಿಂದಲೂ ತರಬೇಡ ಎಂದು ಕಟ್ಟುಹಾಕಿ ಬಿಲ್ಡ್ ಓಡಿಸಿದರೆ, ಇನ್ನೂ ಯಾವ ರೆಸಿಪಿ ಹೊರಗಿನ ಸರ್ವರ್ ಹುಡುಕುತ್ತಿದೆ ಎಂಬುದು ಹೆಸರು ಸಮೇತ ಹೊರಬೀಳುತ್ತದೆ. ಹೆಚ್ಚಾಗಿ ಸಿಕ್ಕಿಬೀಳುವುದು ಹ್ಯಾಶ್ ಬರೆಯದೆ ‘ಇತ್ತೀಚಿನದು’ ಎಂದು ಬಿಟ್ಟ ರೆಸಿಪಿ.